ಕಸಕ್ಕೆ ಗಂಡು ಹುಡುಕುವ ತಂತ್ರಾಂಶ

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಚಟ ಇದೆ. ಇಬ್ಬರ ನಡುವೆ ಮೂರನೆಯವನೊಬ್ಬ ನಿಂತಿರುವುದು ಕಂಡರೆ ಸಾಕು, ಅವನನ್ನು ಎತ್ತಿ ಪಕ್ಕಕ್ಕಿಟ್ಟು ಆ ಜಾಗದಲ್ಲಿ ಒಂದು ಆ್ಯಪ್ ಕೂರಿಸಬೇಕು ಅಂತ ಕೈ ತುರಿಸುತ್ತದೆ. ಮನೆ ಬ್ರೋಕರ್ ಆಯ್ತು, ಆಟೋ ಸ್ಟ್ಯಾಂಡ್ ಆಯ್ತು, ತರಕಾರಿ ಮಂಡಿ ಆಯ್ತು, ಮದುವೆ ದಲ್ಲಾಳಿಯ ಕಥೆಯಂತೂ ಎಂದೋ ಮುಗೀತು. ಈಗ ಕಾರ್ಖಾನೆಗಳ ಕಸದ ಸರದಿ. ನಾನು ಹೋದ ಹ್ಯಾಕಥಾನ್‌ಗಳಲ್ಲೆಲ್ಲ ಒಂದು ತಂಡವಾದರೂ ಇದನ್ನೇ ಹಿಡಿದುಕೊಂಡು ಬಂದಿರುತ್ತದೆ. ಒಬ್ಬರ ಕಸ ಇನ್ನೊಬ್ಬರ ಕಚ್ಚಾಮಾಲು. ಯಾರ ಹತ್ತಿರ ಏನಿದೆ, ಯಾರಿಗೆ ಏನು ಬೇಕು ಎರಡನ್ನೂ ಡೇಟಾಬೇಸಿಗೆ ತುಂಬಿಸಿ, ಜೋಡಿ ಹುಡುಕುವ ಕೆಲಸ ನಮಗೆ ಬಿಡಿ ಅಂತ. ಮೊದಲ ಸ್ಲೈಡಿನಲ್ಲಿ ‘ಕಸದಿಂದ ರಸ’ ಇದ್ದೇ ಇರುತ್ತದೆ. ತೀರ್ಪುಗಾರರು ತಲೆದೂಗುತ್ತಾರೆ, ಬಹುಮಾನವೂ ಬರುತ್ತದೆ. ಆರು ತಿಂಗಳು ಬಿಟ್ಟು ಆ ಸೈಟಿಗೆ ಹೋದರೆ ಪುಟವೇ ತೆರೆಯುವುದಿಲ್ಲ :-)

ಐಡಿಯಾ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನಾನಿರುವುದು ಬಸವೇಶ್ವರನಗರದಲ್ಲಿ. ಒಂದು ಕಡೆ ರಾಜಾಜಿನಗರದ ಇಂಡಸ್ಟ್ರಿಯಲ್ ಟೌನು, ಇನ್ನೊಂದು ಕಡೆ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಸುಂಕದಕಟ್ಟೆ. ಸ್ವಲ್ಪ ಮೇಲೆ ಹೋದರೆ ಪೀಣ್ಯ, ಕೆಳಗೆ ಮೈಸೂರು ರಸ್ತೆ ಹಿಡಿದರೆ ನಾಯಂಡಹಳ್ಳಿ, ಕೆಂಗೇರಿ, ಕುಂಬಳಗೋಡು. ಲೇತು, ಪ್ಲೇಟಿಂಗು, ಪ್ಲಾಸ್ಟಿಕ್ ಮೋಲ್ಡಿಂಗು, ಪೌಡರ್ ಕೋಟಿಂಗು, ಊದುಬತ್ತಿ, ರಟ್ಟಿನ ಡಬ್ಬಿ... ಇಷ್ಟೊಂದು ತರಹದ ಕಸುಬು ಇಷ್ಟು ಹತ್ತಿರ ಹತ್ತಿರ ಇರುವ ಜಾಗ ನಮ್ಮ ರಾಜ್ಯದಲ್ಲಿ ಬೇರೆ ಇರಲಿಕ್ಕಿಲ್ಲ. ಕಸ ಹಂಚಿಕೊಳ್ಳುವ ಜಾಲ ಎಲ್ಲಿಯಾದರೂ ಬೆಳೆಯಬೇಕು ಅಂದರೆ ಇಲ್ಲೇ ಬೆಳೆಯಬೇಕು. ನನ್ನ ತಕರಾರು ಇಷ್ಟೆ: ಅದು ಆಗಲೇ ಬೆಳೆದಿದೆ. ಅದನ್ನು ನೋಡದೆ, ಅದರೊಳಗಿನ ಮನುಷ್ಯರನ್ನು ಅಡ್ಡಿ ಅಂದುಕೊಂಡು ಬರೆದ ತಂತ್ರಾಂಶ ಉಳಿಯುವುದಿಲ್ಲ. ಆ ಜಾಲದ ಕೈಯಲ್ಲಿ ಆಗದ ಒಂದು ಕೆಲಸ ಇದೆ, ತಂತ್ರಾಂಶ ನಿಜಕ್ಕೂ ಬೇಕಾಗಿರುವುದು ಅಲ್ಲಿಗೆ. ಅಲ್ಲಿಗೆ ಮಾತ್ರ ಯಾರೂ ಹೋಗುತ್ತಿಲ್ಲ.

ಪಂಡಿತರು ಇದಕ್ಕೆ ಕೈಗಾರಿಕಾ ಸಹಜೀವನ ಅಂತ ದೊಡ್ಡ ಹೆಸರಿಟ್ಟಿದ್ದಾರೆ. ಹೆಸರು ಹೊಸದು, ಕೆಲಸ ಹಳೇದು. ಮೈಸೂರಿನ ಶ್ರೀಗಂಧದ ಎಣ್ಣೆ ಕಾರ್ಖಾನೆ 1916ರದ್ದು. ಎಣ್ಣೆ ಇಳಿಸಿದ ಮೇಲೆ ಉಳಿಯುವ ಗಂಧದ ಪುಡಿಯನ್ನು ಯಾರೂ ತಿಪ್ಪೆಗೆ ಹಾಕಲಿಲ್ಲ, ಅದು ಊದುಬತ್ತಿಯವರ ಕೈ ಸೇರಿತು. ಸಕ್ಕರೆ ಕಾರ್ಖಾನೆಯ ಕಾಕಂಬಿ ಡಿಸ್ಟಿಲರಿಗೆ ಹೋಗುವುದು ನಮ್ಮ ಮಂಡ್ಯದ ಕಡೆಯ ಮಕ್ಕಳಿಗೂ ಗೊತ್ತು. ಯಾವ ಸಾಫ್ಟ್‌ವೇರೂ ಇದನ್ನು ಹೇಳಿಕೊಡಲಿಲ್ಲ.

ಈ ವಿಷಯದ ಮೇಲೆ ಯಾವ ಪುಸ್ತಕ ತೆರೆದರೂ ಮೊದಲು ಬರುವ ಹೆಸರು ಕಲುಂಡ್‌ಬೋರ್ಗ್. ಡೆನ್ಮಾರ್ಕಿನ ಸಮುದ್ರದ ದಂಡೆಯ ಊರು, ಜನಸಂಖ್ಯೆ ಹದಿನಾರು ಸಾವಿರದಷ್ಟು. ಅಂದರೆ ನಮ್ಮ ವಿಜಯನಗರದ ನಾಲ್ಕೈದು ರಸ್ತೆ ಸೇರಿಸಿದರೆ ಸಿಗುವಷ್ಟು ಜನ. 1961ರಲ್ಲಿ ಅಲ್ಲಿನ ತೈಲ ಶುದ್ಧೀಕರಣ ಘಟಕಕ್ಕೆ ಕೆರೆಯ ನೀರು ತರುವುದರಿಂದ ಶುರು. 1972ರಲ್ಲಿ ಆ ಘಟಕ ಸುಮ್ಮನೆ ಉರಿಸಿ ಬಿಡುತ್ತಿದ್ದ ಅನಿಲ ಪಕ್ಕದ ಜಿಪ್ಸಂ ಹಲಗೆ ಕಾರ್ಖಾನೆಗೆ ಹೋಯಿತು. ವಿದ್ಯುತ್ ಸ್ಥಾವರದ ಬಿಸಿ ಊರಿನ ಮನೆಗಳನ್ನು ಕಾಯಿಸಿತು. 1993ರ ಹೊತ್ತಿಗೆ ಅದೇ ಸ್ಥಾವರದ ಹೊಗೆಯಿಂದ ಗಂಧಕ ತೆಗೆಯುವಾಗ ಹುಟ್ಟುವ ಜಿಪ್ಸಂ ಕೂಡ ಆ ಹಲಗೆ ಕಾರ್ಖಾನೆಗೇ ಹೋಗತೊಡಗಿತು. ಇದಕ್ಕೊಂದು ಹೆಸರು ಕೊಡಬೇಕು ಅಂತ ಅವರಿಗೆ ಹೊಳೆದದ್ದು 1989ರಲ್ಲಿ. ಅಲ್ಲಿಯವರೆಗೆ ಸುಮಾರು ಮೂವತ್ತು ವರ್ಷ ಸುಮ್ಮನೆ ವ್ಯಾಪಾರ ಮಾಡಿಕೊಂಡಿದ್ದರು. ಯಾಕೆ ಸಾಧ್ಯವಾಯಿತು ಅಂದರೆ ಅಲ್ಲಿನವರು ಕೊಡುವ ಕಾರಣ: ಊರು ಸಣ್ಣದು, ಕಾರ್ಖಾನೆಗಳ ಮ್ಯಾನೇಜರುಗಳು ಒಬ್ಬರಿಗೊಬ್ಬರು ಗೊತ್ತು, ಮನಸ್ಸು ಮನಸ್ಸಿನ ನಡುವೆ ದೂರ ಕಡಿಮೆ. ಪೈಪಿನ ಉದ್ದ ಎಷ್ಟು ಮುಖ್ಯವೋ ಈ ದೂರವೂ ಅಷ್ಟೇ ಮುಖ್ಯ ಅಂತ.

ಕಲುಂಡ್‌ಬೋರ್ಗ್ ನೋಡಿ ಅಮೆರಿಕದವರಿಗೆ ಹುರುಪು ಬಂತು. ನಮ್ಮ ಹ್ಯಾಕಥಾನ್ ಹುಡುಗರ ಹಾಗೇ ಅವರಿಗೂ ಮೊದಲು ಹೊಳೆದದ್ದು ತಂತ್ರಾಂಶ. 1990ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಒಂದನ್ನು ಬರೆದರು, ಅದರ ಹೆಸರೇ ‘ಮ್ಯಾಚ್‌ಮೇಕರ್’. ನಾನು ದಲ್ಲಾಳಿ ಅಂದದ್ದು ತಮಾಷೆಗಲ್ಲ! ಅಲ್ಲಿನ ಸರ್ಕಾರದ ಪರಿಸರ ಇಲಾಖೆ ದುಡ್ಡು ಕೊಟ್ಟು ಮೂರು ಮಾಡಿಸಿತು: ‘ಫಾಸ್ಟ್’, ‘ಡಯಟ್’, ‘ರಿಯಾಲಿಟಿ’. ಮೊದಲನೆಯದು ಜೋಡಿ ಹುಡುಕುತ್ತದೆ, ಎರಡನೆಯದು ಯಾವ ಯಾವ ಕಾರ್ಖಾನೆ ಸೇರಿಸಿದರೆ ಲಾಭ ಅಂತ ಲೆಕ್ಕ ಹಾಕುತ್ತದೆ, ಮೂರನೆಯದು ಕಾನೂನು ಮತ್ತು ಸಾಗಣೆಯ ತೊಡಕು ತೋರಿಸುತ್ತದೆ. ಕಾಗದದ ಮೇಲೆ ಬಹಳ ಚೆನ್ನಾಗಿವೆ, ಓದಿದರೆ ನನಗೂ ಆಸೆಯಾಗುತ್ತದೆ. 2010ರಲ್ಲಿ ಗ್ರಾಂಟ್, ಸೀಗರ್ ಮತ್ತವರ ಜೊತೆಗಾರರು ಇಂಥ 17 ತಂತ್ರಾಂಶಗಳನ್ನು ಹುಡುಕಿ ಏನಾದವು ಅಂತ ವಿಚಾರಿಸಿದರು. ಹೆಚ್ಚಿನವು ಬಳಕೆಯಲ್ಲೇ ಇರಲಿಲ್ಲ. ಕೋಡು ಕೆಟ್ಟದಾಗಿತ್ತು ಅಂತಲ್ಲ. ಬರೆದಿಡಬಹುದಾದ ಮಾಹಿತಿಯನ್ನು ಮಾತ್ರ ಅವು ಹಿಡಿದಿದ್ದವು. ಅನುಭವದಲ್ಲಿ, ಪರಿಚಯದಲ್ಲಿ, ನಂಬಿಕೆಯಲ್ಲಿ ಇರುವುದನ್ನು ಹಿಡಿಯಲು ಅವಕ್ಕೆ ಆಗಲಿಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ಕಾಮಾಕ್ಷಿಪಾಳ್ಯದಲ್ಲಿರುವ ನಮ್ಮ ಸೋದರಮಾವನ ಲೇತ್ ಶಾಪು. ಎರಡು ಸಿಎನ್‌ಸಿ, ಮೂರು ಹಳೇ ಲೇತು, ಏಳು ಜನ ಕೆಲಸಗಾರರು. ದಿನಾ ಸಂಜೆ ಮೂಲೆಯಲ್ಲಿ ಟರ್ನಿಂಗ್ ರಾಶಿ ಬೀಳುತ್ತದೆ: ಸುರುಳಿ ಸುರುಳಿ ಕಬ್ಬಿಣ, ಒಂದಿಷ್ಟು ಅಲ್ಯೂಮಿನಿಯಂ, ಒಮ್ಮೊಮ್ಮೆ ಹಿತ್ತಾಳೆ. ವಾರಕ್ಕೊಮ್ಮೆ ಗುಜರಿ ಭಾಯ್ ಆಪೆ ಗಾಡಿ ತರುತ್ತಾರೆ. ‘ಫೌಂಡ್ರಿಯವರಿಗೆ ನೇರವಾಗಿ ಮಾರಿದರೆ ಕೆಜಿಗೆ ಇಷ್ಟು ಜಾಸ್ತಿ ಸಿಗುತ್ತಲ್ಲ ಮಾವ’ ಅಂತ ನಾನು ಕೇಳಿದ್ದುಂಟು. ಅವರು ‘ಫೌಂಡ್ರಿಯವನು ನನ್ನ ನಲವತ್ತು ಕೆಜಿಗೆ ಬೆಳಗಾವಿಯಿಂದ ಲಾರಿ ಕಳಿಸ್ತಾನೇನಪ್ಪಾ?’ ಅಂದರು.

ಭಾಯ್ ಏನು ಮಾಡುತ್ತಾರೆ ಅಂತ ಒಂದು ದಿನ ನಿಂತು ನೋಡಬೇಕು ನೀವು. ರಾಶಿಗೆ ಕೈ ಹಾಕಿ ಎತ್ತಿ, ಕೂಲಂಟ್ ಎಷ್ಟು ಸೋರುತ್ತದೆ ನೋಡುತ್ತಾರೆ. ಅದರ ಮೇಲೆ ತೂಕದಲ್ಲಿ ಎಷ್ಟು ಕಳೆಯಬೇಕು ಅನ್ನುವ ಮಾತುಕತೆ. ಜೇಬಿನಿಂದ ಅಯಸ್ಕಾಂತ ತೆಗೆದು ಅಲ್ಯೂಮಿನಿಯಂ ರಾಶಿಯ ಮೇಲೆ ಆಡಿಸುತ್ತಾರೆ. ಒಂದು ಹಿಡಿ ಕಬ್ಬಿಣ ಸೇರಿಕೊಂಡಿದ್ದರೂ ಇಡೀ ಚೀಲದ ರೇಟು ಬಿತ್ತು. ಉಕ್ಕಿನ ತುಂಡಿನ ಮೇಲೆ ಅನುಮಾನ ಬಂದರೆ ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು ಕಿಡಿ ಹೇಗೆ ಚಿಮ್ಮುತ್ತದೆ ನೋಡಿ ಜಾತಿ ಹೇಳುತ್ತಾರೆ. ಆಮೇಲೆ ಅದನ್ನೆಲ್ಲ ಒಯ್ದು, ಒಣಗಿಸಿ, ಬೇರೆ ಬೇರೆ ಮಾಡಿ, ಹತ್ತಾರು ಶಾಪಿನ ಮಾಲು ಸೇರಿಸಿ ಒಂದು ಲಾರಿ ಲೋಡು ಮಾಡುತ್ತಾರೆ. ಒದ್ದೆ ಟರ್ನಿಂಗ್ ಕುಲುಮೆಗೆ ಬಿದ್ದರೆ ಉಗಿ ಸಿಡಿದು ಕುಲುಮೆ ಮುಂದೆ ನಿಂತವನ ಮೈಮೇಲೆ ಕರಗಿದ ಲೋಹ ಎರಚುತ್ತದೆ, ಹಾಗಾಗಿ ಒಣಗಿಸುವುದು ಬರೀ ರೇಟಿನ ಮಾತಲ್ಲ. ನಮ್ಮ ಆ್ಯಪಿನ ಪರದೆಯಲ್ಲಿ ಇಷ್ಟೂ ಕೆಲಸಕ್ಕೆ ಇರುವ ಹೆಸರು ‘ಮಧ್ಯವರ್ತಿ’.

ಮೈಸೂರು ರಸ್ತೆಯ ನಾಯಂಡಹಳ್ಳಿಯಲ್ಲೂ ಹೀಗೇ, ಅಲ್ಲಿ ಪ್ಲಾಸ್ಟಿಕ್ಕು. ಉಗುರಲ್ಲಿ ಕೆರೆದು, ಸುಟ್ಟು ಮೂಸಿ ನೋಡಿ, ಯಾವ ಪ್ಲಾಸ್ಟಿಕ್ ಅಂತ ಹೇಳುವ ಹೆಂಗಸರಿದ್ದಾರೆ. ತೊಳೆದು, ಅರೆದು, ಕರಗಿಸಿ ಮತ್ತೆ ಕಾಳು ಮಾಡುತ್ತಾರೆ. ಕಸುಬಿನವರು ಅದನ್ನು ದಾನಾ ಅನ್ನುತ್ತಾರೆ. ಆ ದಾನಾ ಮತ್ತೆ ಮೋಲ್ಡಿಂಗಿನವರ ಹತ್ತಿರ ಹೋಗುತ್ತದೆ. ಇದು ಸಹಜೀವನ ಅಲ್ಲದಿದ್ದರೆ ಮತ್ತೇನು?

ಇನ್ನು ಗುಟ್ಟಿನ ವಿಷಯ. ತಂತ್ರಾಂಶ ಬರೆಯುವವರು ಅಂದುಕೊಳ್ಳುತ್ತಾರೆ, ಕಸದಲ್ಲಿ ಮುಚ್ಚಿಡುವುದು ಏನಿದೆ, ಎಷ್ಟು ಬರುತ್ತೆ ಅಂತ ಹಾಕಿದರಾಯಿತು ಅಂತ. ಯಾವುದಾದರೂ ಶಾಪಿನ ಒಂದು ತಿಂಗಳ ಟರ್ನಿಂಗ್ ಲೆಕ್ಕ ನನಗೆ ಕೊಡಿ. ಯಾವ ಲೋಹ, ಎಷ್ಟು ತೂಕ, ತಿರಸ್ಕೃತ ಪೀಸು ಎಷ್ಟು. ಅವರ ಹತ್ತಿರ ಎಷ್ಟು ಆರ್ಡರ್ ಇದೆ, ಯಾವ ಗಿರಾಕಿಯದ್ದು, ಕೆಲಸ ಎಷ್ಟು ಕೆಡುತ್ತಿದೆ ಅಂತ ಅದೇ ಕಸುಬಿನವನು ಕೂತಲ್ಲೇ ಹೇಳಿಬಿಡುತ್ತಾನೆ. ಪಕ್ಕದ ಶೆಡ್ಡಿನವನೇ ಪೈಪೋಟಿಗಿರುವಾಗ ಯಾರು ತಾನೇ ಅದನ್ನು ಫಾರ್ಮಿನಲ್ಲಿ ತುಂಬುತ್ತಾರೆ? ಭಾಯ್‌ಗೆ ಎಲ್ಲರ ರಾಶಿಯೂ ಗೊತ್ತು, ಆದರೆ ಅವರು ಒಬ್ಬರದ್ದು ಇನ್ನೊಬ್ಬರಿಗೆ ಹೇಳುವುದಿಲ್ಲ. ಹೇಳಿದ ದಿನ ಅವರ ವ್ಯಾಪಾರ ಮುಗಿಯಿತು. ಆ ಬಾಯಿಗೆ ಬಿದ್ದಿರುವ ಬೀಗವೇ ಅವರ ಬಂಡವಾಳ. ‘ನಮ್ಮ ಸರ್ವರ್ ಸುರಕ್ಷಿತ’ ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರೆದರೆ ಅದಕ್ಕೆ ಸಮ ಆಗುವುದಿಲ್ಲ.

ಎಲ್ಲರಿಗೂ ಗೊತ್ತಿದ್ದು ಯಾರೂ ಹೇಳದ ಇನ್ನೊಂದಿದೆ. ಗುಜರಿ ದುಡ್ಡು ಎಷ್ಟೋ ಕಡೆ ಪುಸ್ತಕಕ್ಕೆ ಹತ್ತುವುದಿಲ್ಲ. ಹುಡುಗರ ಕಾಫಿ, ಆಯುಧಪೂಜೆಯ ಕುಂಬಳಕಾಯಿ ಮತ್ತು ಸಿಹಿ, ಸೂಪರ್‌ವೈಸರ್‌ನ ಮೇಲು ಸಂಪಾದನೆ, ಮಾಲೀಕನ ಕೈಖರ್ಚು, ಎಲ್ಲ ಅದರಲ್ಲೇ. ಸರ್ಕಾರಕ್ಕೂ ಇದು ಗೊತ್ತು. 2024ರ ಅಕ್ಟೋಬರ್ 10ರಿಂದ ನೋಂದಣಿ ಇಲ್ಲದವರ ಹತ್ತಿರ ಲೋಹದ ಗುಜರಿ ಕೊಂಡರೆ ಕೊಂಡ ನೋಂದಾಯಿತನೇ ಜಿಎಸ್‌ಟಿ ಕಟ್ಟಬೇಕು ಅಂತ ಮಾಡಿದ್ದು ಅದಕ್ಕೇ. ಪಾರದರ್ಶಕತೆ ತರುತ್ತೇವೆ ಅಂತ ನಮ್ಮ ಹುಡುಗರು ಹೆಮ್ಮೆಯಿಂದ ಹೇಳುವಾಗ ಎದುರಿಗಿರುವ ಕಾರ್ಖಾನೆಯವರ ಮುಖ ನೋಡಿ. ಅವರಿಗೆ ಬೇಡದ್ದೇ ಅದು! ಇದು ಸರಿ ಅಂತ ನಾನು ವಾದಿಸುತ್ತಿಲ್ಲ. ಆದರೆ ಬಳಸಬೇಕಾದವನಿಗೆ ನಷ್ಟ ತರುವ ತಂತ್ರಾಂಶವನ್ನು ಅವನು ಯಾಕೆ ಬಳಸುತ್ತಿಲ್ಲ ಅಂತ ಆಶ್ಚರ್ಯಪಡುವುದು ಮಾತ್ರ ತಪ್ಪು.

ಈಗ ನಂಜನಗೂಡಿಗೆ ಬರೋಣ. ಕಲುಂಡ್‌ಬೋರ್ಗ್ ಕಥೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಕೇಳಿಸುತ್ತದೆ, ಆದರೆ ಮೈಸೂರಿನ ಪಕ್ಕದ ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಥೆ ಎಷ್ಟು ಜನಕ್ಕೆ ಗೊತ್ತು? ಹಿತ್ತಲ ಗಿಡ ಮದ್ದಲ್ಲ, ಇನ್ನೇನು. ಏರಿಯಾನಾ ಬೈನ್, ಮೇಘಾ ಶೆಣೈ, ವೆಸ್ಲಿನ್ ಆ್ಯಷ್ಟನ್, ಮರಿಯನ್ ಚೆರ್ಟೊ ಅನ್ನುವ ನಾಲ್ವರು ಅಲ್ಲಿನ 42 ಕಂಪನಿಗಳನ್ನು ಅಧ್ಯಯನ ಮಾಡಿ, ಯಾವುದರಿಂದ ಏನು ಹೊರಬೀಳುತ್ತದೆ, ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಿ 2010ರಲ್ಲಿ ಪ್ರಕಟಿಸಿದರು. ವರ್ಷಕ್ಕೆ 8,97,210 ಟನ್ ಉಳಿಕೆ. ಅದರಲ್ಲಿ ಮತ್ತೆ ಬಳಕೆಗೆ ಬರುವುದು ಶೇ. 99.5! ಕೈಗಾರಿಕಾ ಕಸದ ವಿಷಯದಲ್ಲಿ ನಮ್ಮನ್ನು ಬೈಯುವುದನ್ನೇ ಕೇಳಿ ಬೆಳೆದ ನನಗೆ ಈ ಸಂಖ್ಯೆ ಓದಿ ಒಂದು ನಿಮಿಷ ನಂಬಿಕೆ ಬರಲಿಲ್ಲ. ಜೋಡಿ ಹುಡುಕುವ ಯಾವ ತಂತ್ರಾಂಶವೂ ಇಲ್ಲದೆ ಆದದ್ದು ಇದು. ಆ್ಯಷ್ಟನ್ ಮತ್ತು ಬೈನ್ 2012ರಲ್ಲಿ ಅಲ್ಲಿಯದೇ ಇನ್ನೊಂದು ಲೇಖನ ಬರೆದರು. ಅದರ ವಿಷಯ ಆ ಡೆನ್ಮಾರ್ಕಿನವರು ಹೇಳುವ ಮನಸ್ಸಿನ ದೂರವೇ. ನಂಜನಗೂಡಿನ ಮ್ಯಾನೇಜರುಗಳ ನಡುವೆ ಆ ದೂರ ಎಷ್ಟು ಅಂತ ಅಳೆಯುವ ಪ್ರಯತ್ನ.

ಸಂಖ್ಯೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆ ಉಳಿಕೆಯಲ್ಲಿ ಶೇ. 81ರಷ್ಟನ್ನು ಹುಟ್ಟಿಸಿದ ಕಂಪನಿಯೇ ತಾನೇ ಬಳಸಿಕೊಳ್ಳುತ್ತದೆ. ಸಕ್ಕರೆ ಕಾರ್ಖಾನೆ ಕಬ್ಬಿನ ಸಿಪ್ಪೆಯನ್ನು ತನ್ನದೇ ಬಾಯ್ಲರಿಗೆ ಹಾಕಿಕೊಳ್ಳುವ ಹಾಗೆ. ಸಿಪ್ಪೆ ಭಾರದ ಮಾಲು, ಅದು ಸೇರಿದರೆ ಎಲ್ಲಾ ಶೇಕಡಾವಾರೂ ಚಂದ ಕಾಣುತ್ತದೆ. ಉಳಿದ ಅರ್ಧ ಪರ್ಸೆಂಟ್ ಇದೆಯಲ್ಲ, ಲೆಕ್ಕ ಹಾಕಿದರೆ ಅದೇ ವರ್ಷಕ್ಕೆ ಸುಮಾರು ನಾಲ್ಕೂವರೆ ಸಾವಿರ ಟನ್. ತೂಕದಲ್ಲಿ ಸಣ್ಣದು ಅಂದ ಮಾತ್ರಕ್ಕೆ ಅಪಾಯದಲ್ಲಿ ಸಣ್ಣದು ಅಂತಲ್ಲ. ವಿಷಕ್ಕೆ ತಕ್ಕಡಿಯ ಲೆಕ್ಕ ನಡೆಯುವುದಿಲ್ಲ.

ಗುಜರಿ ಭಾಯ್ ಜಾಲ ನಿಲ್ಲುವುದೂ ಸರಿಯಾಗಿ ಅಲ್ಲೇ. ದುಡ್ಡು ಹುಟ್ಟುವ ಕಸವನ್ನು ಅದು ಒಂದು ಗ್ರಾಂ ಬಿಡದೆ ಎತ್ತುತ್ತದೆ, ದುಡ್ಡು ಹುಟ್ಟದ್ದನ್ನು ಮುಟ್ಟುವುದಿಲ್ಲ. ಮುಟ್ಟಿದರೂ ಅದು ಎಲ್ಲಿ ಹೋಯಿತು ಅಂತ ಕೇಳಬಾರದು. ಪ್ಲೇಟಿಂಗ್ ಶಾಪಿನ ಸ್ಲಡ್ಜು, ಕ್ರೋಮಿಯಂ ನೀರು, ಕೆಟ್ಟುಹೋದ ಕೂಲಂಟ್, ಪೇಂಟಿನ ಗಸಿ, ಪಿಕ್ಲಿಂಗಿನ ಆಸಿಡ್. (ಪಿಕ್ಲಿಂಗ್ ಅಂದರೆ ಉಪ್ಪಿನಕಾಯಿ ಅಲ್ಲ ಮತ್ತೆ, ಉಕ್ಕಿನ ತುಕ್ಕು ತೆಗೆಯಲು ಆಸಿಡ್‌ನಲ್ಲಿ ಅದ್ದುವುದು.) ಕಾನೂನಿನ ಪ್ರಕಾರ ಸ್ಲಡ್ಜು ತುಮಕೂರು ರಸ್ತೆಯ ಡಾಬಸ್‌ಪೇಟೆಯ ಹತ್ತಿರದ ಅಪಾಯಕಾರಿ ತ್ಯಾಜ್ಯದ ಗುಂಡಿಗೆ ಹೋಗಬೇಕು. ಅದಕ್ಕೆ ಟನ್ ಲೆಕ್ಕದಲ್ಲಿ ದುಡ್ಡು, ಸಾಗಣೆಗೆ ಬೇರೆ. ತಿಂಗಳಿಗೆ ಎರಡು ಡ್ರಮ್ಮು ಸ್ಲಡ್ಜು ಹುಟ್ಟುವ ಶೆಡ್ಡಿನವನು ಏನು ಮಾಡುತ್ತಾನೆ? ಎಲ್ಲರೂ ಹಾಗೆ ಮಾಡುತ್ತಾರೆ ಅಂತ ನಾನು ಹೇಳಲಾರೆ. ಆದರೆ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿರುವುದು ವರದಿಗಳಲ್ಲೇ ಇದೆ, ಅದು ಆಕಾಶದಿಂದ ಬೀಳಲಿಲ್ಲ. ರಾಜಾಜಿನಗರ, ಕಾಮಾಕ್ಷಿಪಾಳ್ಯದ ಮೋರಿಗಳೆಲ್ಲ ಸೇರುವುದು ವೃಷಭಾವತಿಗೆ. ಆ ನೀರು ನಾಯಂಡಹಳ್ಳಿ, ಕೆಂಗೇರಿ ದಾಟಿ ಬಿಡದಿಯ ಕಡೆಯ ಬೈರಮಂಗಲ ಕೆರೆಗೆ ಹೋಗುತ್ತದೆ, ಅಲ್ಲಿ ರೈತರು ಅದನ್ನೇ ಹೊಲಕ್ಕೆ ಬಿಟ್ಟುಕೊಳ್ಳುತ್ತಾರೆ. ಅಲ್ಲಿ ಬೆಳೆದದ್ದು ನಮ್ಮ ಮಾರುಕಟ್ಟೆಗೇ ವಾಪಸ್ಸು ಬರುತ್ತದೆ. ಇದೂ ಒಂದು ತ್ಯಾಜ್ಯ ಹಂಚಿಕೆಯ ಜಾಲವೇ, ಯಾರೂ ಸ್ಲೈಡಿನಲ್ಲಿ ಹಾಕುವುದಿಲ್ಲ ಅಷ್ಟೆ.

ಇಲ್ಲಿ ಜೋಡಿ ಸಿಗುವುದಿಲ್ಲವೇ ಅಂದರೆ ಸಿಗುತ್ತದೆ. ಪಿಕ್ಲಿಂಗ್ ಮಾಡಿ ಸತ್ತ ಆಸಿಡ್‌ನಲ್ಲಿ ಕಬ್ಬಿಣ ಕರಗಿರುತ್ತದೆ. ಕೊಳಕು ನೀರಿನ ಕಲ್ಮಶವನ್ನು ಗಡ್ಡೆಗಟ್ಟಿಸಿ ತಳಕ್ಕಿಳಿಸಲು ಶುದ್ಧೀಕರಣ ಘಟಕದವರು ದುಡ್ಡು ಕೊಟ್ಟು ತರುವುದೂ ಕಬ್ಬಿಣದ ಲವಣಗಳನ್ನೇ. ನಾಲ್ಕು ಕಿಲೋಮೀಟರ್ ದೂರದಲ್ಲಿ ಇಬ್ಬರೂ ಇರಬಹುದು, ಡೇಟಾಬೇಸ್ ಒಂದೇ ಕ್ಷಣದಲ್ಲಿ ಜಾತಕ ಕೂಡಿಸುತ್ತದೆ. ಮದುವೆ ನಿಲ್ಲುವುದು ಆಮೇಲೆ. ಈ ವಾರದ ಆಸಿಡ್‌ನಲ್ಲಿ ಸತು ಎಷ್ಟಿದೆ? ಹೋದ ವಾರ ಇದ್ದಷ್ಟೇ ಇದೆಯೇ? ಅದರಿಂದ ಘಟಕದ ನೀರು ಕೆಟ್ಟು ಮಂಡಳಿಯ ನೋಟಿಸ್ ಬಂದರೆ ದಂಡ ಯಾರ ತಲೆಗೆ? ಅಪಾಯಕಾರಿ ತ್ಯಾಜ್ಯವನ್ನು ಹೀಗೆ ಕಚ್ಚಾಮಾಲಾಗಿ ಬಳಸಲು 2016ರ ನಿಯಮಗಳ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು, ಅದೂ ಕೇಂದ್ರ ಮಂಡಳಿ ಬರೆದ ಕಾರ್ಯವಿಧಾನಕ್ಕೆ ಹೊಂದಬೇಕು. ಸಾಗಿಸಲು ಆ ನಿಯಮಗಳಲ್ಲಿ ಹೇಳಿದ ಚೀಟಿಗೆ ಏಳು ಪ್ರತಿ, ಏಳಕ್ಕೂ ಬೇರೆ ಬೇರೆ ಬಣ್ಣ. ಕಾಮನಬಿಲ್ಲು! ಪ್ಲೇಟಿಂಗ್ ಶಾಪಿನ ಮಾಲೀಕ ಎಸ್ಸೆಸ್ಸೆಲ್ಸಿ ಓದಿ, ಇಪ್ಪತ್ತು ವರ್ಷ ಬೇರೆಯವರ ತೊಟ್ಟಿಯ ಮುಂದೆ ನಿಂತು ಕಲಿತು ತನ್ನದೊಂದು ಶೆಡ್ ಮಾಡಿಕೊಂಡವನು. ಅವನ ಕೈಗೆ ಇಂಗ್ಲಿಷ್ ಫಾರ್ಮ್ ಕೊಟ್ಟು, ತಪ್ಪು ತುಂಬಿದರೆ ದಂಡ ಅಂದರೆ, ಅವನು ರಾತ್ರಿ ಮಳೆ ಬರುವುದನ್ನೇ ಕಾಯುತ್ತಾನೆ. ಮೋರಿಗೆ ಯಾವ ಫಾರ್ಮೂ ಬೇಡ.

ತಂತ್ರಾಂಶ ಅಂದರೆ ಇಲ್ಲಿ ಬೇಕು ಸ್ವಾಮಿ. ಪ್ರತಿ ಡ್ರಮ್ಮಿನ ಪರೀಕ್ಷೆಯ ಫಲ ದಿನಾಂಕದ ಜೊತೆ ಉಳಿಯುವ ಹಾಗೆ, ಹತ್ತು ಶೆಡ್ಡಿನ ಎರಡೆರಡು ಡ್ರಮ್ಮು ಸೇರಿಸಿ ಒಂದೇ ಗಾಡಿ ಡಾಬಸ್‌ಪೇಟೆಗೆ ಹೋಗುವ ಹಾಗೆ, ಆ ಏಳು ಬಣ್ಣದ ಚೀಟಿಗೆ ಬೇಕಾದ ವಿವರ ಕನ್ನಡದಲ್ಲಿ ಕೇಳಿ ತಾನೇ ತುಂಬಿಕೊಳ್ಳುವ ಹಾಗೆ. ಇದರಲ್ಲಿ ಗ್ಲಾಮರ್ ಇಲ್ಲ, ಕೃತಕ ಬುದ್ಧಿಮತ್ತೆ ಬೇಕಿಲ್ಲ, ಹೂಡಿಕೆದಾರ ಬರುವುದಿಲ್ಲ. ಕೊಂಡುಕೊಳ್ಳಬೇಕಾದವರು ಕೈಗಾರಿಕಾ ಸಂಘಗಳು ಇಲ್ಲವೇ ಸರ್ಕಾರ. ಯಾವ ತಂಡವೂ ಇದನ್ನು ಹಿಡಿಯದೆ ಇರುವುದಕ್ಕೆ ಅದೇ ಕಾರಣ ಅಂತ ನನ್ನ ಗುಮಾನಿ.

ಇದನ್ನೂ ಯಂತ್ರಕ್ಕೇ ಬಿಟ್ಟರೆ ಆಗುವುದಿಲ್ಲ ಅನ್ನುವುದಕ್ಕೆ ಬ್ರಿಟನ್ನಿನ ಉದಾಹರಣೆ ಇದೆ. ಅಲ್ಲಿ 2005ರಲ್ಲಿ ರಾಷ್ಟ್ರೀಯ ಕೈಗಾರಿಕಾ ಸಹಜೀವನ ಕಾರ್ಯಕ್ರಮ ಅಂತ ಶುರು ಮಾಡಿದರು. ಕಸವನ್ನು ಗುಂಡಿಗೆ ಹಾಕುವವರ ಮೇಲಿನ ತೆರಿಗೆಯಿಂದಲೇ ಅದಕ್ಕೆ ದುಡ್ಡು. ಅವರೂ ತಂತ್ರಾಂಶ ಇಟ್ಟುಕೊಂಡಿದ್ದರು, ಆದರೆ ಮೊದಲ ಹೆಜ್ಜೆ ಅದಲ್ಲ. ಒಂದೊಂದು ಪ್ರದೇಶಕ್ಕೆ ಕಾರ್ಖಾನೆಯ ಕೆಲಸ ಬಲ್ಲ ಮನುಷ್ಯರನ್ನು ನೇಮಿಸಿ, ಸುತ್ತಲಿನ ಕಂಪನಿಯವರನ್ನು ಒಂದು ಕೋಣೆಯಲ್ಲಿ ಕೂರಿಸಿ, ‘ನನ್ನ ಹತ್ತಿರ ಇದು ಇದೆ’, ‘ನನಗೆ ಇದು ಬೇಕು’ ಅಂತ ಹೇಳಿಸುತ್ತಿದ್ದರು. ಚಹಾ ಕುಡಿಯುತ್ತಾ ಜೋಡಿ ಹುಟ್ಟುತ್ತಿತ್ತು. ಆಮೇಲೆ ಆ ಜೋಡಿಯ ಹಿಂದೆ ಬಿದ್ದು, ಅನುಮತಿ, ಪರೀಕ್ಷೆ, ಸಾಗಣೆ ಒಂದೊಂದೇ ಬಿಡಿಸಿ ದಡ ಮುಟ್ಟಿಸುವುದು ಆ ಮನುಷ್ಯರ ಕೆಲಸ, ತಂತ್ರಾಂಶ ಅವರ ನೋಟ್‌ಬುಕ್ಕು. ಸಾವಿರಾರು ಕಂಪನಿ ಸೇರಿದವು. ಸರ್ಕಾರದ ಅನುದಾನ ಕಡಿಮೆಯಾದ ಮೇಲೆ ಅದು ಮೊದಲಿನ ಗಾತ್ರದಲ್ಲಿ ಉಳಿಯಲಿಲ್ಲ. ಸಾಫ್ಟ್‌ವೇರ್ ಅಲ್ಲೇ ಇತ್ತು, ಸಂಬಳ ಕೊಡಬೇಕಾದ ಮನುಷ್ಯರು ಇರಲಿಲ್ಲ. ನಮ್ಮಲ್ಲಿ ಪೀಣ್ಯದ ಸಂಘ ಇದೆ, ಬೇರೆ ಕಡೆಯ ಸಂಘಗಳೂ ಇವೆ. ಕರೆಂಟು, ರಸ್ತೆ, ತೆರಿಗೆಯ ವಿಷಯಕ್ಕೆ ಸಭೆ ಸೇರುವ ಜನ ವರ್ಷಕ್ಕೆ ಎರಡು ಸಲ ಕಸದ ವಿಷಯಕ್ಕೆ ಸೇರಲು ಖರ್ಚೇನೂ ಇಲ್ಲ.

ಆ ಸಭೆಗೆ ಯಾರನ್ನು ಕರೆಯುತ್ತೀರಿ ಅನ್ನುವುದೇ ಇಲ್ಲಿಯ ದೊಡ್ಡ ಸಾಮಾಜಿಕ ಪ್ರಶ್ನೆ, ಮತ್ತು ಡೆನ್ಮಾರ್ಕಿನ ಪುಸ್ತಕದಲ್ಲಿ ಅದಕ್ಕೆ ಉತ್ತರ ಇಲ್ಲ. ಕಲುಂಡ್‌ಬೋರ್ಗಿನಲ್ಲಿ ಮ್ಯಾನೇಜರ್ ಮ್ಯಾನೇಜರ್ ಜೊತೆ ಮಾತಾಡಿದ. ಇಬ್ಬರೂ ಸಮಾನರು, ಬಹುಶಃ ಮಕ್ಕಳೂ ಒಂದೇ ಶಾಲೆ. ನಮ್ಮಲ್ಲಿ ಕಸ ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಕೈ ಬದಲಾಗುವುದು ಹಿಂದಿನ ಗೇಟಿನಲ್ಲಿ. ಗುಜರಿಯವರು, ಆಯುವವರು, ವಿಂಗಡಿಸುವವರು ಬಹುಪಾಲು ಮುಸ್ಲಿಮರು, ದಲಿತರು, ಬೇರೆ ರಾಜ್ಯದಿಂದ ಬಂದವರು.  ಕಸ ಮುಟ್ಟುವವರಿಗೆ ನಾವು ಎಂಥ ಜಾಗ ಕೊಟ್ಟಿದ್ದೇವೆ ಅಂತ ಹೊಸದಾಗಿ ಹೇಳಬೇಕಾಗಿಲ್ಲ. ಹದಿನೈದು ವರ್ಷದಿಂದ ಬರುತ್ತಿರುವ ಭಾಯ್ ನಮ್ಮ ಮಾವನ ಶಾಪಿನ ಆಫೀಸು ಕೋಣೆಯೊಳಗೆ ಕೂತದ್ದನ್ನು ನಾನು ನೋಡಿಲ್ಲ. ಮಾವ ಒಳ್ಳೆಯವರು, ಟೀ ಹೊರಗೇ ಕಳಿಸುತ್ತಾರೆ. ಮನಸ್ಸಿನ ದೂರವನ್ನು ಅಳೆಯುವ ಸಂಶೋಧಕರು ನಮ್ಮಲ್ಲಿಗೆ ಬಂದರೆ ಈ ಹೊಸಿಲಿನಿಂದ ಶುರು ಮಾಡಬಹುದು. ಬೆಂಗಳೂರಿನಲ್ಲಿ ಆಯುವವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಗಲು 2011 ಬರಬೇಕಾಯಿತು, ಅದೂ ಎಷ್ಟೋ ಜನ ಓಡಾಡಿದ ಮೇಲೆ. ಮನೆಯ ಕಸದಲ್ಲಿ ಆದಷ್ಟು ಬದಲಾವಣೆ ಕಾರ್ಖಾನೆಯ ಕಸದಲ್ಲಿ ಇನ್ನೂ ಆಗಿಲ್ಲ. ಅಲ್ಲಿ ಭಾಯ್ ಕಳ್ಳಮಾಲು ಕೊಳ್ಳುವವನೋ ಏನೋ ಅನ್ನುವ ಅನುಮಾನದಲ್ಲೇ ಪೊಲೀಸರೂ ನೋಡುತ್ತಾರೆ, ನಾವೂ ನೋಡುತ್ತೇವೆ.

ಭಾಯ್ ಮಾಡುವುದೆಲ್ಲ ಸರಿ ಅಂತ ಅಲ್ಲ. ತಕ್ಕಡಿಯಲ್ಲಿ ಆಟ ನಡೆಯುತ್ತದೆ. ತಾಮ್ರದ ತಂತಿಯ ಹೊದಿಕೆ ಸುಡುವ ಹೊಗೆ ಕುಡಿಯುವುದು ಅವರದೇ ಮಕ್ಕಳು. ಈ ಜಾಲದಲ್ಲಿ ಕೈಗೆ ಗ್ಲೌಸ್ ಇಲ್ಲ, ಇಎಸ್‌ಐ ಇಲ್ಲ. ಅವರನ್ನು ತೆಗೆದುಹಾಕಿದರೆ ಇದು ಸರಿಯಾಗುವುದಿಲ್ಲ. ಅವರ ಕೆಲಸ ನಾಳೆ ಇನ್ನೂ ಕತ್ತಲೆಯ ಜಾಗಕ್ಕೆ ಹೋಗುತ್ತದೆ. ಅವರನ್ನೇ ನೋಂದಾಯಿತ ವ್ಯಾಪಾರಿಗಳನ್ನಾಗಿ ಮಾಡಿ, ಅವರ ಕೈಗೇ ಉಪಕರಣ ಕೊಟ್ಟರೆ, ದುಡ್ಡು ಹುಟ್ಟುವ ಕಸದ ಜೊತೆ ಎರಡು ಡ್ರಮ್ಮು ಸ್ಲಡ್ಜನ್ನೂ ಲೆಕ್ಕಕ್ಕೆ ತರಬಹುದೇನೋ. ಎಲ್ಲಾ ಶೆಡ್ಡಿನ ಬಾಗಿಲೂ ತೆರೆಯುವುದು ಅವರೊಬ್ಬರಿಗೇ ತಾನೆ?

ಕಳೆದ ಎರಡು ತಿಂಗಳಿಂದ ಶನಿವಾರ ಸಂಜೆ ಭಾಯ್ ಜೊತೆ ಕೂತು ಒಂದು ಸಣ್ಣ ತೂಕದ ಪುಸ್ತಕ ಬರೆಯುತ್ತಿದ್ದೇನೆ, ಫೋನಿನಲ್ಲಿ ನಡೆಯುವಂಥದ್ದು. ಯಾವ ಶಾಪು, ಯಾವ ಮಾಲು, ತೂಕ, ಒದ್ದೆಗೆ ಕಳೆದದ್ದು, ರೇಟು, ಕೊಟ್ಟ ದುಡ್ಡು. ಟೈಪು ಮಾಡುವುದು ಬೇಡ ಅಂದರು, ಕನ್ನಡದಲ್ಲೋ ಉರ್ದುವಿನಲ್ಲೋ ಹೇಳಿದರೆ ಬರೆದುಕೊಳ್ಳಬೇಕು. ಪ್ಲೇಟಿಂಗ್ ಶಾಪುಗಳಿಗೆ ‘ಡ್ರಮ್ಮು’ ಅನ್ನುವ ಒಂದು ಕಾಲಂ ಸೇರಿಸೋಣವೇ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಡ್ರಮ್ಮು ಒಯ್ಯಲು ಲೈಸನ್ಸ್ ಯಾರು ಕೊಡಿಸುತ್ತಾರೆ ಮೊದಲು ಅದು ಹೇಳಿ ಸಾರ್ ಅಂದರು. ಸಂಘದ ಕಾರ್ಯದರ್ಶಿಯವರ ಹತ್ತಿರ ಕೇಳಬೇಕು, ಬರುವ ವಾರ ಸಮಯ ಕೊಟ್ಟಿದ್ದಾರೆ. ಭಾಯ್ ಬೇಕು ಅಂದ ಇನ್ನೊಂದು ಸವಲತ್ತು ಮುಗಿದಿದೆ: ಒಂದು ಶಾಪಿನವರ ಮುಂದೆ ಫೋನ್ ತೆರೆದರೆ ಪರದೆಯಲ್ಲಿ ಆ ಶಾಪಿನ ಲೆಕ್ಕ ಬಿಟ್ಟು ಬೇರೆ ಯಾರದೂ ಕಾಣಬಾರದು. ಮಾವನ ಲೆಕ್ಕ ನನಗೂ ಕಾಣದ ಹಾಗೆ ಪಿನ್ ಹಾಕಿಸಿಕೊಂಡಿದ್ದಾರೆ.